ದುಬೈ ಸೀಕೋ ಒಂದನ್ನು ಬಿಚ್ಚಿ ನೋಡಿದ್ದು

ಕಾಸರಗೋಡಿನ ಕಡೆ ಹಳೆಯ ವಾಚು ಮಾರುವವರ ಬಾಯಲ್ಲಿ ಹೆಚ್ಚಾಗಿ ಒಂದೇ ಮಾತು: ಮಾವ ದುಬೈಯಿಂದ ತಂದದ್ದು. ಮಾತು ಸುಳ್ಳೇ ಎಂದು ತಳ್ಳಿಹಾಕುವಂತಿಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮಂಜೇಶ್ವರದಿಂದ ತಳಂಗರೆಯವರೆಗಿನ ಎಷ್ಟೋ ಮನೆಗಳಿಗೆ ಟೇಪ್‌ರೆಕಾರ್ಡರ್, ಸೆಂಟಿನ ಬಾಟಲಿಗಳ ಜೊತೆ ಸೀಕೋ 5 ಎಂಬ ಜಪಾನಿ ವಾಚು ಕೂಡ ಬಂದಿದೆ. ನಿಜವಾದ ಕತೆ ಊರಿನಲ್ಲಿ ಇಷ್ಟು ಸಿಗುವುದರಿಂದಲೇ ಕಟ್ಟಿದ ಕತೆಯೂ ಸುಲಭವಾಗಿ ಚಲಾವಣೆಯಾಗುತ್ತದೆ.

ನೀರ್ಚಾಲಿನ ಪರಿಚಯದವರೊಬ್ಬರು ಅಂಥದ್ದೊಂದು ವಾಚು ಹಿಡಿದುಕೊಂಡು ಬಂದರು. ಹೇಳಿದ ಬೆಲೆ 4,500 ರೂಪಾಯಿ, ಮುಂಗಡ 500 ಕೊಟ್ಟಾಗಿದೆ, ಎರಡು ದಿನದ ಗಡುವು. “1982ರಲ್ಲಿ ತಂದದ್ದಂತೆ, ಎಲ್ಲವೂ ಒರಿಜಿನಲ್ ಅಂತೆ. ಒಮ್ಮೆ ನೋಡಿ ಹೇಳಿ ಮಾರಾಯ್ರೇ” ಎಂದರು. ಮೇಲಿನಿಂದ ನೋಡಿ ಹೇಳುವುದಕ್ಕೆ ಒಂದು ಮಿತಿ ಇದೆ. ಹಾಗಾಗಿ, ಬಿಚ್ಚಿ ನೋಡಲು ಒಪ್ಪಿಗೆ ಇದೆ ಎಂದೂ ಡಯಲು, ಮೆಶಿನ್, ಕೇಸು ಮೂರೂ ಒರಿಜಿನಲ್ ಎಂದೂ ಮಾರುವವರಿಂದ ವಾಟ್ಸಾಪಿನಲ್ಲಿ ಬರೆಸಿಕೊಳ್ಳಲು ಹೇಳಿದೆ. ಎರಡೂ ಬಂದವು. ಈ ಎರಡು ಸಾಲು ಬರೆಯಲು ಹಿಂಜರಿಯುವವರ ಹತ್ತಿರ ಮುಂದಿನ ಮಾತು ಬೇಡ ಎನ್ನುವುದು ನನ್ನ ಅಭಿಪ್ರಾಯ.

ವಾಚು ಕೈಗೆ ಬರುವ ಮೊದಲು ಅವರಿಗೆ ಬಂದಿದ್ದ ಫೋಟೋಗಳನ್ನೂ ನೋಡಿದೆ. ಮೂರೇ ಇದ್ದವು, ಮೂರೂ ಓರೆಯಾಗಿ ತೆಗೆದವು, ಆರು ಗಂಟೆಯ ಕೆಳಗಿನ ಜಾಗ ಒಂದರಲ್ಲೂ ಕಾಣುವುದಿಲ್ಲ. ಕೇಳಬೇಕಾದದ್ದು ಐದು ಫೋಟೋ: ಡಯಲು ನೇರವಾಗಿ ಮೇಲಿನಿಂದ, ಕೀ ಇರುವ ಬದಿ, ಅಕ್ಷರ ಓದಲು ಬರುವಂತೆ ಹಿಂಬದಿಯ ಮುಚ್ಚಳ, ಮುಚ್ಚಳ ತೆಗೆದ ಮೆಶಿನ್, ಮುಚ್ಚಳದ ಒಳಮೈ. ಜೊತೆಗೆ ಆ ದಿನದ ತಾರೀಕು ಬರೆದ ಚೀಟಿಯ ಪಕ್ಕದಲ್ಲಿ ವಾಚು ಇಟ್ಟು ಒಂದು ನಿಮಿಷದ ವಿಡಿಯೋ. ಬೇರೆಯವರ ವಾಚಿನ ಫೋಟೋ ತೋರಿಸಿ ಮತ್ತೊಂದನ್ನು ಕಳಿಸುವ ಮೋಸ ಈ ಚೀಟಿಯಿಂದ ನಿಲ್ಲುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಐಗ್ಲಾಸ್, 365 ನ್ಯಾನೋಮೀಟರಿನ ಯುವಿ ಟಾರ್ಚ್, ಮುಚ್ಚಳ ತಿರುಗಿಸುವ ಮೂರು ಹಲ್ಲಿನ ಓಪನರ್, ಮುಳ್ಳು ಎತ್ತುವ ಎರಡು ಲಿವರ್, ಬೆರಳಿಗೆ ಹಾಕುವ ರಬ್ಬರ್ ತೊಪ್ಪಿ, ವಾಚಿನ ಬಡಿತ ಕೇಳಿ ಅಳೆಯುವ ಒಂದು ಟೈಮ್‌ಗ್ರಾಫರ್. ಬೆರಳ ತೊಪ್ಪಿಯನ್ನು ಶೋಕಿ ಎಂದು ನಗುವವರಿದ್ದಾರೆ. ನಮ್ಮ ಸೆಕೆಯಲ್ಲಿ ಬೆವರಿದ ಬೆರಳು ಮೆಶಿನ್‌ಗೆ ತಾಗಿದರೆ ಆರು ತಿಂಗಳಲ್ಲಿ ಅಲ್ಲಿ ಬೆರಳಚ್ಚಿನ ಆಕಾರದಲ್ಲೇ ಕಲೆ ಮೂಡಿರುತ್ತದೆ.

ಮೊದಲು ಬಿಚ್ಚದೆ ಮಾಡುವ ಪರೀಕ್ಷೆ. ಮುಚ್ಚಳದ ಮೇಲೆ ಅಡ್ಡಗೆರೆಯ ಎರಡೂ ಬದಿಗೆ ನಾಲ್ಕು ನಾಲ್ಕು ಅಕ್ಷರ-ಅಂಕಿ ಇರುತ್ತವೆ. ಮೊದಲ ನಾಲ್ಕು ಮೆಶಿನ್‌ನ ನಂಬರು, ಉಳಿದದ್ದು ಕೇಸಿನದು. ಇದರಲ್ಲಿ ಮೊದಲ ನಾಲ್ಕು 6309. ಬೇರೆಯಾಗಿ ಆರು ಅಂಕಿಯ ಸೀರಿಯಲ್ ಇದೆ, ಶುರುವಾಗುವುದು 5N ಎಂದು. ಸೀಕೋದವರ ಲೆಕ್ಕದಲ್ಲಿ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಒಂದರಿಂದ ಒಂಬತ್ತರವರೆಗೆ ಅಂಕಿ, ಆಮೇಲೆ ಅಕ್ಟೋಬರಿಗೆ O, ನವೆಂಬರಿಗೆ N, ಡಿಸೆಂಬರಿಗೆ D. ದಶಕ ಯಾವುದೆಂದು ಸೀರಿಯಲ್ ಹೇಳುವುದಿಲ್ಲ, ಅದನ್ನು ಮೆಶಿನ್ ನಂಬರಿನಿಂದ ಊಹಿಸಬೇಕು. 6309 ಬಂದದ್ದು ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ. ಹಾಗಾಗಿ 1975 ಆಗುವುದಿಲ್ಲ, 1985ರ ನವೆಂಬರ್ ಎಂದೇ ಓದಬೇಕು. ಆ ತಿಂಗಳು ತಯಾರಾದ ಕೇಸು 1982ರಲ್ಲಿ ದುಬೈಯಿಂದ ಬರುವುದು ಹೇಗೆ? ಇಷ್ಟಕ್ಕೇ ಮೋಸ ಎಂದು ಕೂಗುವುದೂ ಸರಿಯಲ್ಲ. ನಲುವತ್ತು ವರ್ಷ ಹಿಂದಿನ ಇಸವಿ ಮನೆಯವರಿಗೇ ತಪ್ಪುತ್ತದೆ. ಒಂದು ಗುರುತು ಹಾಕಿ ಮುಂದೆ ಹೋದೆ.

ಎರಡನೆಯದು ಕೀ. 6309, 7009, ಆಮೇಲೆ 1996ರಿಂದ ಬಂದ 7S26, ಸೀಕೋದ ಈ ಮೂರು ಮೆಶಿನ್‌ಗಳಿಗೂ ಕೈಯಿಂದ ಕೀ ಕೊಡಲು ಬರುವುದಿಲ್ಲ. ಕೈ ಅಲ್ಲಾಡಿದಾಗ ಒಳಗಿನ ರೋಟರ್ ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳಬೇಕು. ಕೀ ಹೊರಗೆಳೆದರೆ ಸೆಕೆಂಡಿನ ಮುಳ್ಳು ನಿಲ್ಲುವುದೂ ಇಲ್ಲ. ಹಳೆಯ ಸೀಕೋ 5 ಎಂದು ಕೊಟ್ಟ ವಾಚು ತಿರುಗಿಸಿದಾಗ ಕಿರಕಿರ ಎಂದು ಸ್ಪ್ರಿಂಗ್ ಸುತ್ತಿದರೆ, ಕೀ ಎಳೆದಾಗ ಸೆಕೆಂಡು ನಿಂತರೆ, ಒಳಗೆ ಈಚಿನ ಬೇರೆ ಮೆಶಿನ್ ಕೂತಿದೆ ಎಂದು ಬಿಚ್ಚದೆಯೇ ಹೇಳಬಹುದು. ಅಂಗಡಿಯಲ್ಲಿ ನಿಂತು ಹತ್ತು ಸೆಕೆಂಡಿನಲ್ಲಿ ಮಾಡಬಹುದಾದ ಪರೀಕ್ಷೆ ಇದು, ಮಾಡುವವರು ಕಡಿಮೆ. ನಮ್ಮ ವಾಚು ಇದರಲ್ಲಿ ಪಾಸಾಯಿತು. ದಿನದ ಕಿಂಡಿಯಲ್ಲಿ ಇಂಗ್ಲಿಷ್ ಬಿಟ್ಟರೆ ಅರಬಿ ಬರುತ್ತದೆ, ಅಂದರೆ ದಿನದ ತಟ್ಟೆ ಗಲ್ಫ್ ಮಾರುಕಟ್ಟೆಯದೇ. ಮಾವನ ಕತೆಗೆ ಒಂದು ಅಂಕ.

ಆಮೇಲೆ ಡಯಲು, ಕಳ್ಳಾಟ ಹೆಚ್ಚು ನಡೆಯುವುದು ಇಲ್ಲೇ. ವಾಚಿನ ಬೆಲೆ ನಿಲ್ಲುವುದೂ ಡಯಲಿನ ಮೇಲೆ, ಮೊದಲು ಹಾಳಾಗುವುದೂ ಡಯಲೇ. ಹಾಳಾದದ್ದನ್ನು ಉಜ್ಜಿ, ಬಣ್ಣ ಹೊಡೆದು, ಮೇಲೆ ಅಕ್ಷರ ಒತ್ತಿ ಹೊಸದರಂತೆ ಮಾಡುವ ಕೆಲಸ ಮುಂಬೈ ಕಡೆ ಬಹಳ ಕಾಲದಿಂದ ಇದೆ. ಸಂಗ್ರಾಹಕರು ಅದಕ್ಕೆ ‘ಮುಂಬೈ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ. ಕಿತ್ತಳೆ, ಗಿಳಿಹಸಿರು, ಅರ್ಧ ಕೆಂಪು ಅರ್ಧ ಕಪ್ಪು ಇಂಥವು ದೂರದಿಂದಲೇ ಗೊತ್ತಾಗುತ್ತವೆ. ಮೋಸಹೋಗುವುದು ತೆಳುನೀಲಿ, ಬೆಳ್ಳಿ ಬಣ್ಣದ ಮರ್ಯಾದಸ್ಥ ಡಯಲುಗಳಲ್ಲಿ. ಇದು ನೀಲಿ.

ಐಗ್ಲಾಸ್ ಹಾಕಿ ನೋಡಬೇಕಾದದ್ದು ಇಷ್ಟು. ಕಾರ್ಖಾನೆಯಲ್ಲಿ ಒತ್ತಿದ ಅಕ್ಷರದ ಅಂಚು ಚೂಪಾಗಿ, ಬಣ್ಣ ಸ್ವಲ್ಪ ಉಬ್ಬಿ ನಿಂತಿರುತ್ತದೆ. ಮರುಬಣ್ಣದಲ್ಲಿ ಅಂಚು ಹರಡಿ, ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಕೊಂಡಿರುತ್ತದೆ. ನಿಮಿಷದ ಗೀಟುಗಳು ಗಂಟೆಯ ಕಡ್ಡಿಗಳ ನಡುವಿಗೆ ಸರಿಯಾಗಿ ಬಂದಿವೆಯೇ ನೋಡಬೇಕು. ಕಡ್ಡಿಗಳು ಡಯಲಿಗೆ ಮೊದಲೇ ಕೂತವು, ಗೀಟು ಆಮೇಲೆ ಒತ್ತಿದ್ದು, ಆದ್ದರಿಂದ ಮರುಬಣ್ಣದಲ್ಲಿ ಕೂದಲೆಳೆಯಷ್ಟು ಜಾರಿರುತ್ತದೆ. ಇದರಲ್ಲಿ ಎಂಟು ಗಂಟೆಯ ಹತ್ತಿರ ಜಾರಿತ್ತು. ದಿನ-ತಾರೀಕಿನ ಕಿಂಡಿಯ ಅಂಚಿನಲ್ಲಿ ನೀಲಿ ಬಣ್ಣ ಒಳಗಡೆಗೆ ಇಳಿದು ಗಟ್ಟಿಯಾಗಿತ್ತು. ಆರು ಗಂಟೆಯ ಕೆಳಗೆ, ಡಯಲಿನ ತೀರಾ ಅಂಚಿನಲ್ಲಿ, ಸೀಕೋದವರು ಜಪಾನ್ ಎಂಬ ಹೆಸರಿನ ಜೊತೆ ಡಯಲಿನ ನಂಬರನ್ನು ಸಾಸಿವೆಗಿಂತ ಸಣ್ಣದಾಗಿ ಒತ್ತುತ್ತಾರೆ. ಮರುಬಣ್ಣದವರಿಗೆ ಅಷ್ಟು ಸಣ್ಣದು ಒತ್ತುವುದು ಕಷ್ಟ, ಒಂದೋ ಬಿಟ್ಟುಬಿಡುತ್ತಾರೆ, ಇಲ್ಲವೇ ಒಂದೇ ನಂಬರನ್ನು ಕಂಡ ಡಯಲಿಗೆಲ್ಲ ಹಾಕುತ್ತಾರೆ. ಇಲ್ಲಿ ಜಪಾನ್ ಮಾತ್ರ ಇತ್ತು, ಅದೂ ದಪ್ಪ ಅಕ್ಷರದಲ್ಲಿ. ಒಂದು ಎಚ್ಚರಿಕೆ: ಕೆಲವು ಕೇಸಿನ ಒಳಬಳೆ ಈ ನಂಬರನ್ನು ಮುಚ್ಚಿಬಿಡುತ್ತದೆ. ಡಯಲಿನ ನಂಬರೂ ಮುಚ್ಚಳದ ನಂಬರೂ ಕೊನೆಯ ಅಂಕಿಗಳಲ್ಲಿ ಬೇರೆಯಾಗಿರುವುದು ಅಸಲಿ ವಾಚಿನಲ್ಲೂ ಸಾಮಾನ್ಯ. ಅಷ್ಟನ್ನೇ ಹಿಡಿದು ಜಗಳಕ್ಕೆ ಹೋದರೆ ನಾವೇ ಸೋಲುತ್ತೇವೆ.

ಈಗ ಮುಚ್ಚಳ. ಓಪನರಿನ ಹಲ್ಲು ಜಾರಿದರೆ ಮುಚ್ಚಳಕ್ಕೆ ಗೀರು ಬೀಳುತ್ತದೆ, ಆಮೇಲೆ ಆ ಗೀರು ಯಾರದೆಂಬ ತಕರಾರು. ಅದಕ್ಕೆ ಬಿಚ್ಚುವ ಮೊದಲು ಫೋಟೋ. ಒಳಗಿನ ರಬ್ಬರ್ ಬಳೆ ಹೊಸದು, ಮೃದುವಾಗಿದೆ. ನಲುವತ್ತು ವರ್ಷದ ಬಳೆ ಆಗಿದ್ದರೆ ಡಾಂಬರಿನ ಹಾಗೆ ಕರಗಿ ಅಂಟಿರಬೇಕಿತ್ತು. ಹೊಸ ಬಳೆ ತಪ್ಪೇನಲ್ಲ, ಆದರೆ ಇತ್ತೀಚೆಗೆ ಯಾರೋ ಒಳಗೆ ಕೈಹಾಕಿದ್ದಾರೆಂದು ತಿಳಿಯಿತು. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಎರಡು ಗುರುತು ಇದ್ದವು, ತಿಂಗಳು, ಇಸವಿ, ಒಂದು ಅಕ್ಷರ: ಹಳೆಯ ರಿಪೇರಿಯವರು ಬಿಟ್ಟದ್ದು, 89 ಮತ್ತು 94. ಇಂಥ ಗೀಚು ಕಂಡರೆ ನನಗೆ ಸಂತೋಷ. ಕೇಸು ಇಷ್ಟು ಕಾಲ ಯಾರದೋ ಕೈಯಲ್ಲಿ ನಿಜವಾಗಿ ಬಾಳಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾಗದ ಬೇಕಿಲ್ಲ.

ಮೆಶಿನ್ ಮೇಲೆ ಬರೆದ ನಂಬರು 7009A, 17 ಜ್ಯುವೆಲ್, ಅಂದರೆ ಸವೆತ ತಡೆಯುವ ಕಲ್ಲುಗಳು. ಮುಚ್ಚಳ ಹೇಳಿದ್ದು 6309. ಅಲ್ಲಿಗೆ ಕೇಸೂ ಮೆಶಿನ್ನೂ ಬೇರೆ ಬೇರೆ ಮನೆಯವು ಎಂದಾಯಿತು. 7009 ಕೂಡ ಅಸಲಿ ಸೀಕೋವೇ. ರೋಟರಿನ ಅಡಿಯಲ್ಲಿ ಎರಡು ಕೊಕ್ಕಿನ ಸಣ್ಣ ತೋಳು ಕಾಣುತ್ತದೆ, ಅದು ಸೀಕೋ 1959ರಲ್ಲಿ ತಂದ ಮ್ಯಾಜಿಕ್ ಲಿವರ್. ರೋಟರ್ ಯಾವ ಕಡೆ ತಿರುಗಿದರೂ ಒಂದು ಕೊಕ್ಕು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ, ಸ್ಪ್ರಿಂಗ್ ಸುತ್ತುತ್ತಲೇ ಇರುತ್ತದೆ. ಹಿಂದೆ ಮುಂದೆ ತೂಗುವ ಬ್ಯಾಲೆನ್ಸ್ ವೀಲಿನ ಕಲ್ಲನ್ನು ಹಿಡಿದ ಪುಟ್ಟ ಸ್ಪ್ರಿಂಗೂ ಸೀಕೋದ ಡಯಾಶಾಕ್, ಪೆಟ್ಟು ತಡೆಯುವ ವ್ಯವಸ್ಥೆ. ಅಲ್ಲಿ ವೀಣೆಯಂಥ ಲೈರ್ ವಾದ್ಯದ ಆಕಾರದ ಸ್ಪ್ರಿಂಗ್ ಇದ್ದರೆ ಅದು ಸ್ವಿಸ್ ಪದ್ಧತಿಯ ಇನ್ಕಾಬ್ಲಾಕ್, ಹಳೆಯ ಸೀಕೋ 5ರಲ್ಲಿ ಅದಕ್ಕೆ ಕೆಲಸವಿಲ್ಲ.

ಮೆಶಿನ್ ಸುತ್ತ ಇರುವ ಪ್ಲಾಸ್ಟಿಕ್ ಬಳೆ ಒಂದು ಕಡೆ ಸೀಳಿತ್ತು, ಸಡಿಲ ತುಂಬಲು ಕಾಗದದ ಚೂರು ಸಿಕ್ಕಿಸಿದ್ದರು. ನಮ್ಮ ಮಳೆಗಾಲದಲ್ಲಿ ಕಾಗದ ನೀರು ಹೀರುತ್ತದೆ, ಹೀರಿದ ನೀರು ಪಕ್ಕದ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಅದು ಆಗಲೇ ಶುರುವಾಗಿತ್ತು.

ಟೈಮ್‌ಗ್ರಾಫರಿನ ಮೈಕಿನ ಮೇಲೆ ಇಟ್ಟಾಗ ಗಂಟೆಗೆ 21,600 ಬಡಿತ, ಅದು ಸರಿ. ದಿನಕ್ಕೆ 74 ಸೆಕೆಂಡು ಮುಂದೆ, ಆ್ಯಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ವೀಲು ತೂಗುವ ಕೋನ, ಡಯಲು ಮೇಲಿಟ್ಟಾಗ 198 ಡಿಗ್ರಿ, ಟಿಕ್ಕು-ಟಾಕುಗಳ ನಡುವಿನ ವ್ಯತ್ಯಾಸವಾದ ಬೀಟ್ ಎರರ್ 2.1 ಮಿಲಿಸೆಕೆಂಡು. ಚೆನ್ನಾಗಿರುವ ಮೆಶಿನ್ ಪೂರ್ತಿ ಸುತ್ತಿದಾಗ ಆ್ಯಂಪ್ಲಿಟ್ಯೂಡ್ 250ರ ಮೇಲೆ ಇರಬೇಕು. ಯಂತ್ರದಲ್ಲಿ ಆಯಾ ಮೆಶಿನ್‌ಗೆ ತಕ್ಕ ಕೋನವಾದ ಲಿಫ್ಟ್ ಆ್ಯಂಗಲ್ ತಪ್ಪಾಗಿ ಕೂರಿಸಿದರೆ ಆ್ಯಂಪ್ಲಿಟ್ಯೂಡ್ ಲೆಕ್ಕವೇ ತಪ್ಪುತ್ತದೆ. ಮಾರುವವರು ಕಳಿಸುವ ಟೈಮ್‌ಗ್ರಾಫರ್ ಫೋಟೋದಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಇನ್ನೊಂದು ವಿಷಯ, ಈ ಯಂತ್ರ ಮೆಶಿನ್‌ನ ಆರೋಗ್ಯ ಹೇಳುತ್ತದೆಯೇ ಹೊರತು ಕುಲಗೋತ್ರ ಹೇಳುವುದಿಲ್ಲ. ನಕಲಿ ಮೆಶಿನ್ ಕೂಡ 21,600 ಬಡಿಯಬಲ್ಲದು.

ಕೊನೆಗೆ ಡಯಲು ಎತ್ತಿದೆ. ಕೀಯಿಂದ ಮೆಶಿನ್‌ಗೆ ಹೋಗುವ ಕಡ್ಡಿಯಾದ ಸ್ಟೆಮ್ ಬಿಡಿಸಿ, ಮೆಶಿನ್ ಹೊರಗೆ ತೆಗೆದು, ಡಯಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಲಿವರಿನಿಂದ ಮುಳ್ಳು ಎತ್ತಬೇಕು. ಹಾಳೆ ಇಡದಿದ್ದರೆ ಲಿವರ್ ಊರಿದ ಕಡೆ ಡಯಲಿಗೆ ತಗ್ಗು ಬೀಳುತ್ತದೆ. ಅಸಲಿ ಡಯಲಿನ ಹಿಂದೆ ಎರಡು ಸಣ್ಣ ಕಾಲುಗಳಿದ್ದು ಮೆಶಿನ್‌ನ ಎರಡು ತೂತಿನಲ್ಲಿ ಕೂರುತ್ತವೆ. ಇದಕ್ಕೆ ಕಾಲೇ ಇರಲಿಲ್ಲ, ಕತ್ತರಿಸಿದ ಬುಡ ಮಾತ್ರ. ಹಿಂಬದಿಯಲ್ಲಿ ಉಜ್ಜುಕಾಗದದ ಗೀರು, ಎರಡು ಕಡೆ ಅಂಟಿನ ಚುಕ್ಕೆ. ಅಂಟು ಸೆಕೆಗೆ ಜಾರಿ ದಿನದ ತಟ್ಟೆಗೆ ತಾಗಿತ್ತು. ನಡುರಾತ್ರಿ ದಿನ ಬದಲಾಗುವ ಹೊತ್ತಿಗೆ ತಟ್ಟೆ ಅಂಟಿಗೆ ಸಿಕ್ಕಿ ಎಳೆಯುತ್ತದೆ, ಮೆಶಿನ್‌ನ ಶಕ್ತಿ ಅಲ್ಲಿ ಹೋಗುತ್ತದೆ, ಬೆಳಿಗ್ಗೆ ನೋಡಿದರೆ ವಾಚು ಹನ್ನೆರಡು ಕಾಲಿಗೆ ನಿಂತಿರುತ್ತದೆ. ಕೊಂಡವರು ಸರ್ವಿಸ್ ಮಾಡಿಸುತ್ತಾರೆ, ಎಣ್ಣೆ ಹಾಕಿಸುತ್ತಾರೆ, ಮತ್ತೆ ಅದೇ ಗತಿ. ಡಯಲು ಎತ್ತದವರೆಗೆ ಈ ರೋಗ ಸಿಗುವುದಿಲ್ಲ.

ನನ್ನ ತೀರ್ಮಾನಕ್ಕೆ ಇವೆಲ್ಲಕ್ಕಿಂತ ದೊಡ್ಡ ಆಧಾರ ತೇವ. ಈ ಕರಾವಳಿಯಲ್ಲಿ ಬಾಳಿದ ವಾಚಿಗೆ ಉಪ್ಪುಗಾಳಿ ಮುಟ್ಟದೆ ಇರುವುದಿಲ್ಲ. ಕೀಯ ಸಂದಿಯಿಂದ ಒಳಗೆ ಹೋಗುತ್ತದೆ, ಮೊದಲು ಸ್ಟೆಮ್ಮಿಗೆ ಕಂದು ತುಕ್ಕು, ಆಮೇಲೆ ತಾರೀಕಿನ ತಟ್ಟೆಗೆ ಹಳದಿ ಕಲೆ, ಕೀಯ ಬದಿಯ ಡಯಲಿನ ಅಂಚಿಗೆ ಚುಕ್ಕೆ. ಈ ವಾಚಿನಲ್ಲಿ ಸ್ಟೆಮ್ ತುಕ್ಕು ಹಿಡಿದಿತ್ತು, ಅರಬಿ ತಟ್ಟೆಯಲ್ಲಿ ಕಲೆ ಇತ್ತು. ಅವುಗಳಿಗೆ ಕೂದಲೆಳೆ ಅಂತರದಲ್ಲಿ ಮೇಲೆ ಕೂತ ಡಯಲು ಮಾತ್ರ ಮದುಮಗಳಂತೆ ಹೊಳೆಯುತ್ತಿತ್ತು. ಒಂದೇ ಡಬ್ಬಿಯಲ್ಲಿ ಇದ್ದವರೆಲ್ಲ ಒಟ್ಟಿಗೆ ಮುಪ್ಪಾಗಬೇಕು. ನಾನು ನಂಬರುಗಳನ್ನು ನೋಡುವುದು ಇದನ್ನು ಖಚಿತ ಮಾಡಿಕೊಳ್ಳಲಿಕ್ಕೆ.

ನೀರ್ಚಾಲಿನವರ ಚೀಲದಲ್ಲಿ ಇನ್ನೊಂದಿತ್ತು, ಮೊದಲೇ 2,800ಕ್ಕೆ ಕೊಂಡ ಎಚ್‌ಎಂಟಿ ಪೈಲಟ್. ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ಶುರುಮಾಡಿದವರು. ಕಾರ್ಖಾನೆ ಮುಚ್ಚುವ ತೀರ್ಮಾನಕ್ಕೆ 2016ರ ಜನವರಿಯಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ಅದರ ಆಸುಪಾಸಿನಲ್ಲಿ ಬೆಲೆ ಏರಿತು, ಬಣ್ಣದ ಡಬ್ಬಿಗಳೂ ತೆರೆದುಕೊಂಡವು. ಪೈಲಟ್‌ನಲ್ಲಿ ತೊಡಕೆಂದರೆ, ಎಚ್‌ಎಂಟಿಯದೇ ಇನ್ನೊಂದು ಮಾದರಿಯಾದ ಜನತಾದಲ್ಲೂ ಅದರಲ್ಲೂ ಕೈಯಿಂದ ಕೀ ಕೊಡುವ ಅದೇ 0231 ಮೆಶಿನ್, ಅದೇ 17 ಜ್ಯುವೆಲ್, ಗಂಟೆಗೆ 18,000 ಬಡಿತ. ಮುಚ್ಚಳ ತೆಗೆದು ನೋಡಿದರೆ ಎಲ್ಲವೂ ಅಸಲಿ. ಜನತಾದ ಬಿಳಿ ಡಯಲಿಗೆ ಕಪ್ಪು ಬಳಿದರೆ ಪೈಲಟ್ ಆಗಿ ಬೆಲೆ ಏರುತ್ತದೆ.

ಹಾಗಾಗಿ ಇಲ್ಲಿ ಗಾಜಿನ ಕಡೆಯಿಂದ ಹೋಗಬೇಕು. ಅಕ್ರಿಲಿಕ್ ಗಾಜನ್ನು ಲಿಫ್ಟರಿನಿಂದ ಅದುಮಿ ತೆಗೆದರೆ ಡಯಲಿನ ಹೊರ ಅಂಚು, ಮುಳ್ಳು ಬರುವ ನಡುವಿನ ತೂತು ಎರಡೂ ಕಾಣುತ್ತವೆ. ಕಪ್ಪಿನ ಅಡಿಯಲ್ಲಿ ಬಿಳಿ ಇಣುಕುವುದು ಅಲ್ಲೇ. ಇದರಲ್ಲಿ ನಡುವಿನ ತೂತಿನ ಸುತ್ತ ಬಿಳಿ ಉಂಗುರವೇ ಇತ್ತು. ಕತ್ತಲೆ ಕೋಣೆಯಲ್ಲಿ ಹತ್ತು ಸೆಕೆಂಡು ಯುವಿ ಟಾರ್ಚ್ ಹಿಡಿದು ಆರಿಸಿದಾಗ ಡಯಲಿನ ಹೊಳಪಿನ ಚುಕ್ಕೆಗಳು ನಾಲ್ಕೈದು ನಿಮಿಷ ಹಸಿರಾಗಿ ಉರಿದವು, ಮುಳ್ಳು ಮಾತ್ರ ಕೂಡಲೇ ನಂದಿತು. ಹಳೆಯ ಹೊಳಪಿನ ಬಣ್ಣ ಅಷ್ಟು ಹೊತ್ತು ಉರಿಯುವುದಿಲ್ಲ. ಸ್ವಿಸ್ ವಾಚುಗಳಲ್ಲಿ ಹೊಳಪಿಗಾಗಿ ಬಳಸುತ್ತಿದ್ದ ವಿಕಿರಣ ವಸ್ತು ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ನಲುವತ್ತು ವರ್ಷದಲ್ಲಿ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಅದಕ್ಕಿಂತ ಹಳೆಯ, ಅರವತ್ತರ ದಶಕದ ಮೊದಲಿನ ವಾಚಾದರೆ ಅದು ರೇಡಿಯಂ ಇರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ, ಅದರ ಅರ್ಧಾಯುಷ್ಯ 1,600 ವರ್ಷ. ಅಂಥ ಮುಳ್ಳನ್ನು ಕೆರೆಯಬಾರದು, ಬಾಯಿಂದ ಊದಿ ಪುಡಿ ಹಾರಿಸಲೂಬಾರದು. ಫಾವ್ರ್ ಲ್ಯೂಬಾ ಸೀ ಕಿಂಗ್, ವೆಸ್ಟ್ ಎಂಡ್ ಸೋವಾರ್ ಪ್ರೈಮಾ ಎಂಬ ಹಳೆಯ ಸ್ವಿಸ್ ವಾಚುಗಳಿಗೂ ಡಯಲಿನ ಪರೀಕ್ಷೆ ಇದೇ, ಬೇರೆ ಹೇಳುವುದೇನಿಲ್ಲ.

ಪೈಲಟ್ ಬಂದದ್ದು ಪಾರ್ಸೆಲಿನಲ್ಲಿ, ಹಣ ಹೋದದ್ದು ಯುಪಿಐಯಲ್ಲಿ, ಮಾರಿದವರ ನಂಬರು ಈಗ ಸ್ವಿಚ್ ಆಫ್. ಇಂಥ ಸಂದರ್ಭದಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕಾದದ್ದು ಅದೇ ದಿನ, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿರುತ್ತದೆ. ಪೊಲೀಸರಿಗೆ ಕೊಡಲು ಬೇಕಾದದ್ದು ‘ಡಯಲು ಒರಿಜಿನಲ್’ ಎಂದು ಬರೆದ ಮೆಸೇಜು, ಪಾರ್ಸೆಲ್ ಒಡೆಯುವಾಗ ವಿಳಾಸದ ಚೀಟಿಯಿಂದ ವಾಚಿನವರೆಗೆ ಎಲ್ಲೂ ಕತ್ತರಿಸದೆ ತೆಗೆದ ವಿಡಿಯೋ, ಯುಪಿಐ ವ್ಯವಹಾರದ ನಂಬರು. ವಂಚನೆಗೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಅನ್ವಯಿಸುತ್ತದೆ, ಹಿಂದೆ ಜನರ ಬಾಯಲ್ಲಿದ್ದ 420ರ ಜಾಗಕ್ಕೆ ಬಂದದ್ದು. ಇವರ ಹತ್ತಿರ ಮೆಸೇಜೂ ಇಲ್ಲ, ವಿಡಿಯೋವೂ ಇಲ್ಲ.

ಸೀಕೋ ಮಾರುವವರ ಜೊತೆ ಸ್ಪೀಕರ್ ಫೋನಿನಲ್ಲಿ ಮಾತಾಯಿತು. “ವಾಚು ಓಡ್ತದಲ್ಲ, ಮತ್ತೆ ಎಂತ ಬೇಕು ನಿಮಗೆ?” ಎಂದು ಶುರುಮಾಡಿದರು. ಓಡುವ ವಾಚು ಬೇಕಿದ್ದರೆ ಹೊಸದು ಸಿಗುತ್ತದೆ, 4,500 ಕೇಳಿದ್ದು ಒರಿಜಿನಲ್ ಎಂಬ ಮಾತಿಗೆ ಅಲ್ಲವೇ ಎಂದೆ. ಫೋಟೋಗಳನ್ನು ಕಳಿಸಿದ ಮೇಲೆ ದನಿ ಇಳಿಯಿತು. ಎರಡು ವರ್ಷ ಹಿಂದೆ ಡಯಲು ಕಪ್ಪಾಗಿತ್ತೆಂದು ರಿಪೇರಿಗೆ ಕೊಟ್ಟದ್ದು, ಅವರು ಒಳಗೆ ಏನು ಮಾಡಿದರೋ ತನಗೆ ಗೊತ್ತಿಲ್ಲ ಎಂದರು. ನಿಜವಿರಲೂಬಹುದು. ರಿಪೇರಿಗೆ ಕೊಟ್ಟಾಗ ಒಳ್ಳೆಯ ಮೆಶಿನ್ ತೆಗೆದು ಬೇರೆ ಕೂರಿಸಿಕೊಟ್ಟರೂ ಮುಚ್ಚಳ ತೆಗೆಯದವರಿಗೆ ತಿಳಿಯುವುದಿಲ್ಲ. ಕೊಡುವ ಮೊದಲು ಮೆಶಿನ್‌ನ ಫೋಟೋ ತೆಗೆದಿಟ್ಟುಕೊಂಡಿದ್ದರೆ ಅವರೂ ಬಚಾವಾಗುತ್ತಿದ್ದರು.

ಕೇಸು ಚೆನ್ನಾಗಿದೆ, ಪಾಲಿಶಿನಲ್ಲಿ ಅಂಚು ಸವೆದಿಲ್ಲ. ಅರಬಿ ತಟ್ಟೆ ಇದೆ, 7009 ಸರ್ವಿಸ್ ಮಾಡಿದರೆ ಸರಿಯಾಗುತ್ತದೆ. ಬಿಡಿಭಾಗಗಳ ಲೆಕ್ಕದಲ್ಲಿ 1,700 ಕೊಡಬಹುದು ಎಂದೆ, 1,900ಕ್ಕೆ ಮುಗಿಯಿತು. ಅಂಟು ಕೆರೆದು ತೆಗೆದು, ದಿನದ ತಟ್ಟೆ ಒರೆಸಿ, ಕಾಗದದ ಚೂರು ಎಸೆದು, ಡಯಲನ್ನು ತಟ್ಟೆಗೆ ತಾಗದಂತೆ ಹೊರ ಅಂಚಿನಲ್ಲಿ ಮಾತ್ರ ಹಿಡಿಯುವ ಹಾಗೆ ಕೂರಿಸಿದೆ. ಸ್ಟೆಮ್ ಬದಲಾಯಿಸಿ, ರಬ್ಬರ್ ಬಳೆಗೆ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿದೆ. ಡಬ್ಬಿಯಲ್ಲಿ ಒಂದು ರಟ್ಟಿನ ಚೀಟಿ ಇಟ್ಟಿದ್ದೇನೆ: ಕೇಸು 6309, 1985 ನವೆಂಬರ್, ಮೆಶಿನ್ 7009A, ಡಯಲು ಮರುಬಣ್ಣ, ಕಾಲು ಕತ್ತರಿಸಿದೆ, ದಿನದ ತಟ್ಟೆ ಇಂಗ್ಲಿಷ್-ಅರಬಿ, ಅಸಲಿ, ಸ್ಟೆಮ್ ಹೊಸದು. ವಾಚು ಮುಂದೆ ಯಾರಿಗೆ ಮಾರಿದರೂ ಚೀಟಿಯೂ ಜೊತೆಗೆ ಹೋಗಬೇಕೆಂದು ನೀರ್ಚಾಲಿನವರಿಗೆ ಹೇಳಿ ಕಳಿಸಿದೆ.